ಒಣ ಬಿಸಿಲು, ಒದ್ದೆ ಸೆಕೆ: ಫೀನಿಕ್ಸ್‌ನ 43 ಡಿಗ್ರಿ, ಹ್ಯೂಸ್ಟನ್‌ನ 34 ಡಿಗ್ರಿ

ಅಮೆರಿಕದ ಫೀನಿಕ್ಸ್‌ನಲ್ಲಿ ಕೆಲಸ ಸಿಕ್ಕಿದೆ ಅಂತ ಹೇಳಿ ನೋಡಿ. ಯಾರಾದರೂ ಒಬ್ಬರು "ಅಲ್ಲಿನದು ಒಣ ಬಿಸಿಲು, ಅಷ್ಟೇನೂ ಗೊತ್ತಾಗಲ್ಲ ಬಿಡಿ" ಅಂತ ಸಮಾಧಾನ ಹೇಳಿಯೇ ಹೇಳುತ್ತಾರೆ. ಹ್ಯೂಸ್ಟನ್ ಅಂದರೆ ಮಾತು ಉಲ್ಟಾ: "34 ಡಿಗ್ರಿ ಅಂತ ಫೋನ್‌ನಲ್ಲಿ ತೋರಿಸೋದನ್ನ ನಂಬಬೇಡಿ, ಅಲ್ಲಿನ ಸೆಕೆಗೆ ಜೀವ ಸಾಕಾಗುತ್ತೆ." ಎರಡೂ ಸುಳ್ಳಲ್ಲ. ಆದರೆ ನನಗೆ ಹೆಚ್ಚು ಭಯ ಆಗುವುದು ಮೊದಲನೇ ಮಾತಿಗೆ. ಗೊತ್ತಾಗದೇ ಇರುವುದೇ ಒಣ ಬಿಸಿಲಿನ ದೊಡ್ಡ ಅಪಾಯ. ಫೀನಿಕ್ಸ್ ಇರುವ ಮ್ಯಾರಿಕೋಪಾ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) 2023ರಲ್ಲಿ ಬಿಸಿಲಿನ ಕಾರಣಕ್ಕೆ ಸತ್ತವರು 645 ಜನ. ಅದರ ಮುಂದಿನ ವರ್ಷ 608.

ನಮಗೇನೂ ಈ ಎರಡು ಬಗೆಯ ಬೇಸಿಗೆ ಹೊಸದಲ್ಲ. ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು ಕಡೆ ಮಧ್ಯಾಹ್ನ ಹೊರಗೆ ಕಾಲಿಟ್ಟವರಿಗೆ ಒಂದು ಗೊತ್ತು, ಮಂಗಳೂರು, ಕಾರವಾರದಲ್ಲಿ ಸ್ನಾನ ಮಾಡಿ ಬಂದು ಅಂಗಿ ಹಾಕುವಷ್ಟರಲ್ಲೇ ಬೆವರಿದವರಿಗೆ ಇನ್ನೊಂದು ಗೊತ್ತು. ಫೀನಿಕ್ಸ್‌ನ ಹಾಗೆ ರಾಯಚೂರು ಮರುಭೂಮಿಯಲ್ಲ, ಹ್ಯೂಸ್ಟನ್‌ನ ಹಾಗೆ ಮಂಗಳೂರು ಉಪೋಷ್ಣವಲಯವೂ ಅಲ್ಲ, ಆದರೂ ದೇಹ ಮಾಡುವ ಲೆಕ್ಕ ಅದೇ. ಭಾರತದ ಹವಾಮಾನ ಇಲಾಖೆಯೂ ಇದನ್ನು ಒಪ್ಪಿಕೊಂಡಿದೆ. ಬಿಸಿಗಾಳಿ ಎಂದು ಘೋಷಿಸುವ ಮಾತು ಬರಬೇಕಾದರೆ ಬಯಲುಸೀಮೆಯಲ್ಲಿ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ಕರಾವಳಿಯಲ್ಲಿ 37 ಸಾಕು.

ಮೊದಲು ಊರುಗಳ ಬಗ್ಗೆ ಎರಡು ಮಾತು. ಫೀನಿಕ್ಸ್ ಇರುವುದು ಸೊನೋರಾ ಮರುಭೂಮಿಯಲ್ಲಿ. ಪೆಸಿಫಿಕ್ ಸಾಗರದಿಂದ ಬರುವ ತೇವ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲೇ ಮಳೆಯಾಗಿ ಸುರಿದುಹೋಗುತ್ತದೆ. ಈಚೆ ಬರುವ ಹೊತ್ತಿಗೆ ಗಾಳಿಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ವರ್ಷವಿಡೀ ಬೀಳುವ ಮಳೆ 200 ಮಿಲಿಮೀಟರ್‌ಗಿಂತ ಕಡಿಮೆ. ಹ್ಯೂಸ್ಟನ್ ಮೆಕ್ಸಿಕೋ ಕೊಲ್ಲಿಯ ಪಕ್ಕದ ಊರು. ಬೇಸಿಗೆಯಲ್ಲಿ ಆ ಸಮುದ್ರ ಬೆಚ್ಚಗಾಗಿ ಅದರ ಮೇಲಿನ ಗಾಳಿ ನೀರಾವಿ ತುಂಬಿಕೊಂಡು ಸೀದಾ ಊರಿಗೆ ನುಗ್ಗುತ್ತದೆ. ಅಲ್ಲಿ ವರ್ಷಕ್ಕೆ 1,200 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ.

ಈಗ ದೇಹದ ವಿಷಯ. ನಮ್ಮ ಚರ್ಮ ಸಾಮಾನ್ಯವಾಗಿ 35 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಸುತ್ತಲಿನ ಗಾಳಿ ಅದಕ್ಕಿಂತ ತಣ್ಣಗಿದ್ದರೆ ದೇಹದ ಬಿಸಿ ತಾನಾಗಿಯೇ ಹೊರಗೆ ಹೋಗುತ್ತದೆ. ಗಾಳಿಯೇ 43 ಡಿಗ್ರಿ ಇದ್ದರೆ? ಆಗ ಬಿಸಿ ಹೊರಗಿನಿಂದ ಒಳಗೆ ಬರುತ್ತದೆ. ಉಳಿಯುವ ದಾರಿ ಒಂದೇ, ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಬಿಸಿಯನ್ನು ದೇಹದಿಂದ ತೆಗೆದುಕೊಂಡು ಹೋಗುತ್ತದೆ. ಇದು ಬಹಳ ದೊಡ್ಡ ಪ್ರಮಾಣ. ಆದರೆ "ಆವಿಯಾದರೆ" ಮಾತ್ರ. ಹಣೆಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಏನನ್ನೂ ತಣ್ಣಗೆ ಮಾಡುವುದಿಲ್ಲ. ನೀರೂ ಹೋಯಿತು, ಉಪ್ಪೂ ಹೋಯಿತು, ಬಿಸಿ ಇದ್ದಲ್ಲೇ ಇತ್ತು.

ಬೆವರು ಆವಿಯಾಗುತ್ತೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಗಾಳಿಯಲ್ಲಿ ಆಗಲೇ ಎಷ್ಟು ನೀರಿದೆ ಅನ್ನುವುದು. ಫೀನಿಕ್ಸ್‌ನ ಜೂನ್ ಮಧ್ಯಾಹ್ನ ತೆಗೆದುಕೊಳ್ಳಿ, 43 ಡಿಗ್ರಿ, ತೇವಾಂಶ ಶೇ. 10. ಒಂದು ಘನ ಮೀಟರ್ ಗಾಳಿಯಲ್ಲಿ ಇರುವ ನೀರಾವಿ ಸುಮಾರು 6 ಗ್ರಾಂ. ಹ್ಯೂಸ್ಟನ್‌ನಲ್ಲಿ ಅದೇ ಹೊತ್ತಿಗೆ 34 ಡಿಗ್ರಿ, ತೇವಾಂಶ ಶೇ. 60 ಇದ್ದರೆ ಸುಮಾರು 22 ಗ್ರಾಂ. ಹೆಚ್ಚುಕಡಿಮೆ ನಾಲ್ಕು ಪಟ್ಟು. ಥರ್ಮಾಮೀಟರ್‌ನ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡಲು ಬಿಟ್ಟರೆ ನೀರು ಆವಿಯಾಗುತ್ತಾ ಪಾದರಸ ಇಳಿಯುತ್ತದೆ, ಅದು ಎಲ್ಲಿ ನಿಲ್ಲುತ್ತದೋ ಅದನ್ನು ವೆಟ್ ಬಲ್ಬ್ ತಾಪಮಾನ ಅನ್ನುತ್ತಾರೆ. ಆವಿಯಾಗುವುದರಿಂದ ಸಿಗಬಹುದಾದ ತಂಪಿನ ಕೊನೆಯ ಮೆಟ್ಟಿಲು ಅದು. ಮೇಲೆ ಹೇಳಿದ ಫೀನಿಕ್ಸ್ ಮಧ್ಯಾಹ್ನಕ್ಕೆ ಲೆಕ್ಕ ಹಾಕಿದರೆ ಅದು ಸುಮಾರು 20 ಡಿಗ್ರಿ ಬರುತ್ತದೆ, ಹ್ಯೂಸ್ಟನ್‌ಗೆ 27 ದಾಟುತ್ತದೆ. 9 ಡಿಗ್ರಿ ಕಡಿಮೆ ಬಿಸಿ ಇರುವ ಊರಲ್ಲಿ ಜಾಸ್ತಿ ಒದ್ದಾಟ ಯಾಕೆ ಅಂತ ಈಗ ಅರ್ಥವಾಗುತ್ತದೆ ಅಲ್ವಾ?

ಹಾಗಾದರೆ ಒಣ ಬಿಸಿಲೇ ಒಳ್ಳೆಯದು ಅಂತ ಅನ್ನಿಸುತ್ತದೆ. ಇಲ್ಲಿಯೇ ಜನ ಎಡವುವುದು.

ವೆಟ್ ಬಲ್ಬ್ 35 ಡಿಗ್ರಿ ದಾಟಿದರೆ ನೆರಳಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನೂ ಕೆಲವು ಗಂಟೆಗಳಿಗಿಂತ ಹೆಚ್ಚು ಬದುಕಲಾರ ಅನ್ನುವ ಲೆಕ್ಕ 2010ರಲ್ಲಿ ಬಂದಿತ್ತು. ಅದು ಕಾಗದದ ಮೇಲಿನ ಲೆಕ್ಕ. 2022ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಯುವಕ ಯುವತಿಯರನ್ನೇ ಕೋಣೆಯಲ್ಲಿ ಕೂರಿಸಿ, ಹಗುರ ಕೆಲಸ ಮಾಡಿಸಿ, ದೇಹದ ಒಳಗಿನ ಬಿಸಿ ಯಾವಾಗ ಹಿಡಿತ ತಪ್ಪುತ್ತದೆ ಅಂತ ಅಳೆದು ನೋಡಿದರು. ತೇವದ ಸೆಕೆಯಲ್ಲಿ ವೆಟ್ ಬಲ್ಬ್ 30-31ರಲ್ಲೇ ಮಿತಿ ಬಂತು. ಒಣ ಬಿಸಿಯಲ್ಲಿ? 25ರಿಂದ 28ರೊಳಗೇ! ಅಂದರೆ ಒಣ ಬಿಸಿಲಿಗೂ ತನ್ನದೇ ಆದ ಮಿತಿ ಇದೆ, ಕಾರಣ ಮಾತ್ರ ಬೇರೆ. ಸೆಕೆಯಲ್ಲಿ ಬೆವರು ಇದೆ, ಗಾಳಿ ಅದನ್ನು ಒಯ್ಯುವುದಿಲ್ಲ. ಒಣ ಬಿಸಿಲಲ್ಲಿ ಗಾಳಿ ಎಷ್ಟು ಬೇಕಾದರೂ ಒಯ್ಯಲು ಸಿದ್ಧ, ಆದರೆ ಗ್ರಂಥಿಗಳು ಒಂದು ಗಂಟೆಗೆ ಸುರಿಸಬಹುದಾದ ಬೆವರಿಗೆ ಕೊನೆಯಿದೆ, ಹೆಚ್ಚೆಂದರೆ ಒಂದೋ ಒಂದೂವರೆಯೋ ಲೀಟರ್, ರೂಢಿ ಇರುವವರಿಗೆ ಇನ್ನೂ ಸ್ವಲ್ಪ. ಹೊರಗಿನಿಂದ ಒಳಗೆ ಬರುವ ಬಿಸಿ ಅದನ್ನು ಮೀರಿದರೆ ಮುಗಿಯಿತು.

ಆ ಬೆವರು ಕಣ್ಣಿಗೆ ಕಾಣುವುದೂ ಇಲ್ಲ. ಹ್ಯೂಸ್ಟನ್‌ನಲ್ಲಿ ಬೆನ್ನು ಒದ್ದೆಯಾದ ಕೂಡಲೇ ಮನುಷ್ಯ ನೆರಳು ಹುಡುಕುತ್ತಾನೆ, ನೀರು ಕೇಳುತ್ತಾನೆ. ಫೀನಿಕ್ಸ್‌ನಲ್ಲಿ ಅಂಗಿ ಒಣಗಿಯೇ ಇರುತ್ತದೆ. ಬೆವರು ಹುಟ್ಟಿದ ಕ್ಷಣವೇ ಮಾಯ, ಬಟ್ಟೆಯ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ. ತುಟಿ ಒಡೆಯುವುದು, ಮೂಗಿನಿಂದ ರಕ್ತ ಬರುವುದು, ತಲೆನೋವು, ಕಡು ಹಳದಿ ಮೂತ್ರ, ಇವು ಬಾಯಾರಿಕೆಗಿಂತ ಮೊದಲೇ ಬರಬಹುದು. ಬೇರೆ ರಾಜ್ಯಗಳಿಂದ ಬಂದವರು "ಬರೀ ಒಂದೆರಡು ಗಂಟೆ ಅಷ್ಟೇ" ಅಂತ ಬೆಟ್ಟ ಹತ್ತಿ ಕುಸಿದು ಬೀಳುವುದು ಎಷ್ಟು ಜಾಸ್ತಿಯಾಯಿತೆಂದರೆ, ಫೀನಿಕ್ಸ್ ನಗರಾಡಳಿತ 2021ರಿಂದ ವಿಪರೀತ ಬಿಸಿಲಿನ ಎಚ್ಚರಿಕೆ ಇರುವ ದಿನಗಳಲ್ಲಿ ಕ್ಯಾಮಲ್‌ಬ್ಯಾಕ್ ಬೆಟ್ಟದ ದಾರಿಯನ್ನು ಮಧ್ಯಾಹ್ನದ ಹೊತ್ತು ಮುಚ್ಚಿಯೇ ಬಿಡುತ್ತದೆ.

ಒಂದು ಸಣ್ಣ ವಿಷಯ, ಆದರೆ ಬಹಳ ಉಪಯೋಗದ್ದು. ಫೋನ್‌ನಲ್ಲಿ ಕಾಣುವ ತೇವಾಂಶದ ಶೇಕಡಾವಾರು ನೋಡಿ ಊರನ್ನು ಅಳೆಯಬೇಡಿ. ಅದು ತಾಪಮಾನದ ಜೊತೆ ಕುಣಿಯುವ ಸಂಖ್ಯೆ. ಹ್ಯೂಸ್ಟನ್‌ನಲ್ಲಿ ಬೆಳಗಿನ ಜಾವ ಶೇ. 90 ಇದ್ದದ್ದು ಮಧ್ಯಾಹ್ನಕ್ಕೆ 55-60ಕ್ಕೆ ಇಳಿಯುತ್ತದೆ, ಆದರೆ ಗಾಳಿಯಲ್ಲಿನ ನೀರು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಬಿಸಿ ಏರಿದ್ದಕ್ಕೆ ಪ್ರಮಾಣ ಇಳಿದಂತೆ ಕಂಡಿತು ಅಷ್ಟೇ. ಅದರ ಬದಲು ಡ್ಯೂ ಪಾಯಿಂಟ್ ನೋಡಿ. ಗಾಳಿಯನ್ನು ಎಷ್ಟು ತಣ್ಣಗೆ ಮಾಡಿದರೆ ಇಬ್ಬನಿ ಕೂಡುತ್ತದೆ ಅನ್ನುವ ಡಿಗ್ರಿ ಅದು. 10ರ ಕೆಳಗಿದ್ದರೆ ಒಣ ಗಾಳಿ. 16ರವರೆಗೆ ಹಾಯಾಗಿರುತ್ತದೆ. 20 ದಾಟಿದರೆ ಮೈ ಅಂಟಂಟು. 24-25 ಅಂದರೆ ಉಸಿರು ಕಟ್ಟಿದ ಹಾಗೆ, ಹ್ಯೂಸ್ಟನ್‌ನ ಬೇಸಿಗೆ ಇರುವುದೇ ಅಲ್ಲಿ.

ರಾತ್ರಿ ನಿದ್ದೆಯ ಗುಟ್ಟೂ ಈ ಸಂಖ್ಯೆಯಲ್ಲೇ ಇದೆ. ಗಾಳಿಯ ತಾಪ ಡ್ಯೂ ಪಾಯಿಂಟ್‌ಗಿಂತ ಕೆಳಗೆ ಇಳಿಯುವುದು ತುಂಬಾ ಕಷ್ಟ, ಯಾಕೆಂದರೆ ಅಲ್ಲಿಗೆ ಬಂದಾಗ ನೀರಾವಿ ಇಬ್ಬನಿಯಾಗುತ್ತಾ ತನ್ನಲ್ಲಿದ್ದ ಬಿಸಿಯನ್ನು ಗಾಳಿಗೇ ಬಿಟ್ಟುಕೊಡುತ್ತದೆ. ಹಾಗಾಗಿ ಹ್ಯೂಸ್ಟನ್‌ನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದರೂ 25-26 ಡಿಗ್ರಿ, ಮೈಗೆ ಬಿಡುವೇ ಇಲ್ಲ. ಮರುಭೂಮಿಯಲ್ಲಿ ಆಕಾಶ ತಿಳಿಯಾಗಿ ಗಾಳಿ ಒಣಗಿರುವುದರಿಂದ ನೆಲದ ಬಿಸಿ ರಾತ್ರಿ ಮೇಲಕ್ಕೆ ಹೋಗಿಬಿಡುತ್ತದೆ. ಇದು ನಿಜವಾದ ಮರುಭೂಮಿಯ ಮಾತು. ಫೀನಿಕ್ಸ್ ಈಗ ಕಾಂಕ್ರೀಟು, ಡಾಂಬರಿನ ದೊಡ್ಡ ನಗರ. ಹಗಲು ಕುಡಿದ ಬಿಸಿಯನ್ನು ಅದು ರಾತ್ರಿಯಿಡೀ ಕಾರುತ್ತದೆ. 2023ರ ಜುಲೈಯಲ್ಲಿ ಅಲ್ಲಿ ಸತತ 31 ದಿನ ಹಗಲಿನ ತಾಪ 43.3 ಡಿಗ್ರಿ ಅಥವಾ ಅದಕ್ಕಿಂತ ಮೇಲಿತ್ತು. ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಅದು. ನನಗೆ ಅದಕ್ಕಿಂತ ಭಯಂಕರ ಅನ್ನಿಸಿದ್ದು ಅದೇ ತಿಂಗಳ ರಾತ್ರಿಗಳು: ಸತತ 16 ದಿನ ಕನಿಷ್ಠ ತಾಪವೇ 32 ಡಿಗ್ರಿಗಿಂತ ಕೆಳಗೆ ಇಳಿಯಲಿಲ್ಲ. ಹಗಲಲ್ಲಿ ದಣಿದ ಹೃದಯಕ್ಕೆ ರಾತ್ರಿಯಾದರೂ ವಿಶ್ರಾಂತಿ ಸಿಗಬೇಕು. ಅದೂ ಇಲ್ಲವೆಂದರೆ ಮನೆಯಿಲ್ಲದೆ ರಸ್ತೆಯಲ್ಲಿ ಮಲಗುವವರು ಏನು ಮಾಡಬೇಕು? ಆ ವರ್ಷ ಸತ್ತವರಲ್ಲಿ ಅರ್ಧಕ್ಕೆ ಹತ್ತಿರ ಜನ ಅಂಥವರೇ.

ಇನ್ನು ಮನೆಯೊಳಗಿನ ಮಾತು. ಒಂದು ಊರಲ್ಲಿ ಕಾಪಾಡುವ ಸಾಧನ ಇನ್ನೊಂದು ಊರಲ್ಲಿ ಕೈಕೊಡುತ್ತದೆ, ಇದನ್ನು ತಿಳಿಯದೇ ಹೋದರೆ ದುಡ್ಡೂ ದಂಡ, ಕೆಲವೊಮ್ಮೆ ಪ್ರಾಣಕ್ಕೂ ಕುತ್ತು.

ಕೂಲರ್ ನೋಡಿ. ಒದ್ದೆ ಪ್ಯಾಡ್ ಮೂಲಕ ಗಾಳಿ ಎಳೆದು ಬಿಡುವ ಈ ಪೆಟ್ಟಿಗೆ ಮಾಡುವುದು ಬೆವರು ಮಾಡುವ ಕೆಲಸವನ್ನೇ. 43 ಡಿಗ್ರಿಯ ಒಣ ಗಾಳಿ ಒಳ್ಳೆಯ ಕೂಲರ್‌ನಿಂದ ಹೊರಬರುವಾಗ 25ರ ಹತ್ತಿರ ಇರಬಹುದು, ಅದೂ ಎಸಿಗಿಂತ ತುಂಬಾ ಕಡಿಮೆ ಕರೆಂಟಿನಲ್ಲಿ. ಕಲಬುರಗಿಯಲ್ಲಿ ಮಾರ್ಚ್ ಬಂತೆಂದರೆ ಕೂಲರ್ ಅಂಗಡಿ ಮುಂದೆ ಜನ ಸೇರುವುದು ಇದಕ್ಕೇ. ಮಣ್ಣಿನ ಗಡಿಗೆಯ ನೀರು ಅಲ್ಲಿ ಅಷ್ಟು ತಂಪಾಗುವುದೂ ಇದಕ್ಕೇ. ಅದೇ ಕೂಲರನ್ನು ಹ್ಯೂಸ್ಟನ್‌ನಲ್ಲೋ ಮಂಗಳೂರಿನಲ್ಲೋ ಹಚ್ಚಿದರೆ ಗಾಳಿ ನಾಲ್ಕೈದು ಡಿಗ್ರಿ ಇಳಿಯಬಹುದು, ಆದರೆ ಮನೆಯೊಳಗೆ ಇನ್ನಷ್ಟು ನೀರಾವಿ ತುಂಬಿ ಹಾಸಿಗೆಯೇ ತಣ್ಣಗೆ ಒದ್ದೆ ಅನ್ನಿಸುತ್ತದೆ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ಅಲ್ಲಿ ಎಸಿಯೇ ಬೇಕು. ತಂಪಿಗಿಂತ ಹೆಚ್ಚಾಗಿ ನೀರು ತೆಗೆಯುವುದಕ್ಕೆ. ವಿಲಿಸ್ ಕ್ಯಾರಿಯರ್ 1902ರಲ್ಲಿ ತನ್ನ ಯಂತ್ರ ರೂಪಿಸಿದ್ದೇ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣ ತಪ್ಪುತ್ತಿತ್ತು ಅನ್ನುವ ಕಾರಣಕ್ಕೆ, ಮನುಷ್ಯರಿಗಾಗಿ ಅಲ್ಲ. ಸೆಕೆ ಊರಿನವರು ಕೋಣೆಗೆ ಮೀರಿದ ದೊಡ್ಡ ಎಸಿ ಹಾಕಿಸಬಾರದು. ಅದು ಬೇಗ ತಣ್ಣಗೆ ಮಾಡಿ ಬೇಗ ನಿಂತುಬಿಡುತ್ತದೆ, ನೀರು ತೆಗೆಯಲು ಸಮಯವೇ ಸಿಗುವುದಿಲ್ಲ. ಥರ್ಮೋಸ್ಟಾಟ್‌ನಲ್ಲಿ ಫ್ಯಾನ್ "ಆನ್" ಬದಲು "ಆಟೋ"ದಲ್ಲಿರಲಿ, ಇಲ್ಲದಿದ್ದರೆ ಎಸಿಯೊಳಗಿನ ತಣ್ಣನೆಯ ಕಾಯಿಲ್ ಮೇಲೆ ಕೂತ ನೀರನ್ನೇ ಅದು ಮತ್ತೆ ಮನೆಯೊಳಗೆ ಊದುತ್ತದೆ.

ಫ್ಯಾನ್ ವಿಷಯದಲ್ಲಿ ಹೆಚ್ಚಿನವರು ತಿಳಿದಿರುವುದು ತಲೆಕೆಳಗು. ಸೆಕೆಯಲ್ಲಿ ಫ್ಯಾನ್ ನಿಜವಾಗಲೂ ಕೆಲಸ ಮಾಡುತ್ತದೆ. ಮೈಮೇಲೆ ಬೆವರು ನಿಂತಿದೆ, ಬೀಸುವ ಗಾಳಿ ಅದನ್ನು ಒಯ್ಯುತ್ತದೆ. ಒಣ ಬಿಸಿಲಲ್ಲಿ ಬೆವರು ಹೇಗೂ ಪೂರ್ತಿ ಆರಿಹೋಗಿದೆ, ಫ್ಯಾನ್ ಹೊಸದಾಗಿ ತರುವುದು ಬಿಸಿಯನ್ನು ಮಾತ್ರ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಇದನ್ನು ಪರೀಕ್ಷಿಸಿದರು: 40 ಡಿಗ್ರಿ, ಶೇ. 50 ತೇವಾಂಶದಲ್ಲಿ ಫ್ಯಾನ್ ಗಾಳಿ ದೇಹದ ಬಿಸಿಯನ್ನೂ ಹೃದಯದ ಹೊರೆಯನ್ನೂ ಇಳಿಸಿತು. 47 ಡಿಗ್ರಿ, ಶೇ. 10ರಲ್ಲಿ ಎರಡನ್ನೂ ಏರಿಸಿತು. ಕೋಣೆಯೊಳಗೆ 40 ಡಿಗ್ರಿ ದಾಟಿದ್ದರೆ ಬರೀ ಫ್ಯಾನ್ ನಂಬಿ ಕೂರಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಮೈಗೆ ನೀರು ಹಚ್ಚಿಕೊಂಡು, ಅಂಗಿ ಒದ್ದೆ ಮಾಡಿಕೊಂಡು ಕೂತರೆ ಮಾತ್ರ ಸ್ವಲ್ಪ ಪ್ರಯೋಜನ.

ಕರೆಂಟ್ ಹೋದರೆ, ಎಸಿ ಕೆಟ್ಟರೆ ಏನು ಗತಿ ಅನ್ನುವುದನ್ನು ಎರಡೂ ಊರು ಕಂಡಿವೆ. 2024ರ ಜುಲೈ 8ರಂದು ಬೆರಿಲ್ ಚಂಡಮಾರುತ ಹ್ಯೂಸ್ಟನ್‌ಗೆ ಅಪ್ಪಳಿಸಿದಾಗ 20 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ವಿದ್ಯುತ್ ಹೋಯಿತು, ಎಷ್ಟೋ ಕಡೆ ದಿನಗಟ್ಟಲೆ ಬರಲಿಲ್ಲ. ಗಾಳಿಮಳೆಯಿಂದ ಪಾರಾದವರಲ್ಲಿ ಕೆಲವರು ಆಮೇಲಿನ ಸೆಕೆಗೆ ಸತ್ತರು. ಫೀನಿಕ್ಸ್ ಕಡೆ ಮನೆಯೊಳಗೆ ಸತ್ತವರ ಲೆಕ್ಕ ನೋಡಿದರೆ ಹೆಚ್ಚಿನವರ ಮನೆಯಲ್ಲಿ ಎಸಿ ಇತ್ತು, ಅದು ಕೆಟ್ಟು ನಿಂತಿತ್ತು. ಹಾಗಾಗಿ ಅಲ್ಲಿ ಮನೆ ಮಾಡುವವರು ಬೇಸಿಗೆ ಶುರುವಾಗುವ ಮೊದಲೇ ಎಸಿ ಪರೀಕ್ಷೆ ಮಾಡಿಸಿ, ಕೆಟ್ಟರೆ ಯಾರ ಮನೆಗೆ ಹೋಗುವುದು ಅಂತ ಈಗಲೇ ಮಾತಾಡಿಟ್ಟುಕೊಳ್ಳಿ.

ಬಟ್ಟೆ, ಕುಡಿಯುವುದು ನಮ್ಮವರಿಗೆ ಮೊದಲೇ ಗೊತ್ತಿರುವ ವಿದ್ಯೆ. ಒಣ ಬಿಸಿಲಿಗೆ ಮೈ ಮುಚ್ಚಬೇಕು. ಸಡಿಲವಾದ ತೆಳು ಹತ್ತಿ ಬಟ್ಟೆ, ಉದ್ದ ತೋಳು, ತಲೆಗೆ ರುಮಾಲು. ಸೂರ್ಯನ ಝಳ ನೇರ ಚರ್ಮಕ್ಕೆ ತಾಗದಿರುವುದೇ ದೊಡ್ಡ ಲಾಭ. ಸೆಕೆಗೆ ಮೈ ಬಿಡಬೇಕು. ಕರಾವಳಿಯಲ್ಲಿ ಹೆಗಲಿಗೊಂದು ಬೈರಾಸು, ಸೊಂಟಕ್ಕೊಂದು ತೆಳು ಪಂಚೆ ಸುಮ್ನೆ ಬಂದದ್ದಲ್ಲ. ಕುಡಿಯಲು ಎರಡೂ ಕಡೆ ನೀರಿನ ಜೊತೆ ಉಪ್ಪೂ ಹೋಗಬೇಕು. ಗಂಟೆಗಟ್ಟಲೆ ದುಡಿಯುತ್ತಾ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅದೇ ಒಂದು ಕಾಯಿಲೆ ಆಗುತ್ತದೆ. ಉಪ್ಪು ಹಾಕಿದ ನೀರು ಮಜ್ಜಿಗೆ, ಅಂಬಲಿ, ಪುನರ್ಪುಳಿ ಶರಬತ್ತು, ಏನೂ ಇಲ್ಲದಿದ್ದರೆ ಓಆರ್‌ಎಸ್.

"ಮರುಭೂಮಿ ಅಂದರೆ ಒಣ ಗಾಳಿ" ಅನ್ನುವುದನ್ನೂ ಪೂರ್ತಿ ನಂಬಬೇಡಿ. ಫೀನಿಕ್ಸ್‌ಗೂ ಮಾನ್ಸೂನ್ ಇದೆ. ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಅಂತ 2008ರಿಂದ ದಿನಾಂಕ ನಿಗದಿ ಮಾಡಿದ್ದಾರೆ, ಅದಕ್ಕೂ ಮೊದಲು ಸತತ ಮೂರು ದಿನ ಡ್ಯೂ ಪಾಯಿಂಟ್ ಸುಮಾರು 13 ಡಿಗ್ರಿ ಮುಟ್ಟಿದರೆ ಮಾನ್ಸೂನ್ ಬಂತು ಅನ್ನುತ್ತಿದ್ದರು. ಆ ದಿನಗಳಲ್ಲಿ 40ರ ಬಿಸಿಯೂ ಇರುತ್ತದೆ, ತೇವವೂ ಇರುತ್ತದೆ, ಕೂಲರ್ ಇದ್ದವರು ಪರದಾಡುತ್ತಾರೆ. ಅದಕ್ಕಿಂತ ಕಷ್ಟ ಕೊಲ್ಲಿ ದೇಶಗಳದ್ದು. ದುಬೈ, ದಮ್ಮಾಮ್ ಕಡೆ ನೆಲ ಮರುಭೂಮಿ, ಪಕ್ಕದಲ್ಲಿ ಕಾದ ಸಮುದ್ರ. ಸೌದಿಯ ದಹ್ರಾನ್‌ನಲ್ಲಿ 2003ರ ಜುಲೈ 8ರಂದು ಗಾಳಿ 42 ಡಿಗ್ರಿ, ಡ್ಯೂ ಪಾಯಿಂಟ್ 35 ಡಿಗ್ರಿ ಅಂತ ದಾಖಲಾಗಿತ್ತು. ಕರಾವಳಿಯಿಂದ ಅಲ್ಲಿಗೆ ದುಡಿಯಲು ಹೋದವರು ಎಷ್ಟೊಂದು ಜನ ಇದ್ದಾರೆ, ಅವರಿಗೆ ಎರಡೂ ಬಗೆಯ ಕಷ್ಟ ಒಟ್ಟಿಗೇ ಸಿಗುತ್ತದೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಯಲಿನ ಕೆಲಸಕ್ಕೆ ನಿಷೇಧ ಇದೆ. ನಮ್ಮಲ್ಲಿ ಕಟ್ಟಡ ಕೆಲಸದವರಿಗೂ ಇಂಥದ್ದೊಂದು ನಿಯಮ ಕಟ್ಟುನಿಟ್ಟಾಗಿ ಬರಬೇಕು ಅಂತ ನಾನು ಬಲವಾಗಿ ನಂಬುತ್ತೇನೆ.

ಯಾರಾದರೂ ಬಿಸಿಲಿಗೆ ಕುಸಿದರೆ ಏನು ಮಾಡಬೇಕು? ಮಾತು ತೊದಲುತ್ತಿದ್ದರೆ, ಗೊಂದಲದಲ್ಲಿದ್ದರೆ, ಎಚ್ಚರ ತಪ್ಪಿದ್ದರೆ ಅದು ಹೀಟ್ ಸ್ಟ್ರೋಕ್ ಅಂತಲೇ ತಿಳಿಯಿರಿ. ಮೈ ಬೆವರಿದೆ, ಹಾಗಾಗಿ ಅಲ್ಲ ಅಂದುಕೊಳ್ಳಬೇಡಿ, ದುಡಿಯುತ್ತಿದ್ದವರಲ್ಲಿ ಬೆವರು ಇದ್ದೇ ಇರಬಹುದು. ಅಮೆರಿಕದಲ್ಲಾದರೆ 911, ಇಲ್ಲಿ 108ಕ್ಕೆ ಫೋನ್ ಮಾಡಿಸಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ತಣ್ಣಗೆ ಮಾಡಲು ಶುರು ಮಾಡಿ. ಒಣ ಊರಲ್ಲಿ ನೆರಳಿಗೆ ತಂದು ಮೈತುಂಬಾ ನೀರು ಚಿಮುಕಿಸಿ ಜೋರಾಗಿ ಗಾಳಿ ಬೀಸಿದರೆ ತಾಪ ಇಳಿಯುತ್ತದೆ. ಸೆಕೆ ಊರಲ್ಲಿ ಅದು ನಿಧಾನ. ಅಲ್ಲಿ ತಣ್ಣೀರಲ್ಲಿ ಮುಳುಗಿಸುವುದು, ಇಲ್ಲವೇ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡುವುದು ಬೇಕು. ಈಗ ಫೀನಿಕ್ಸ್‌ನಲ್ಲೂ ಇದನ್ನೇ ಮಾಡುತ್ತಾರೆ. 2024ರಿಂದ ಅಲ್ಲಿನ ಅಗ್ನಿಶಾಮಕ ದಳ ರೋಗಿಯನ್ನು ಐಸ್ ತುಂಬಿದ ಚೀಲದೊಳಗೆ ಮಲಗಿಸಿಯೇ ಆಸ್ಪತ್ರೆಗೆ ಒಯ್ಯುತ್ತದೆ. ಎಚ್ಚರ ಇಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.

ದೇಹ ಹೊಸ ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಅಷ್ಟರಲ್ಲಿ ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ, ರಕ್ತದ ನೀರಿನಂಶ ಏರುತ್ತದೆ. ಬೆಂಗಳೂರು, ಮೈಸೂರಿನಿಂದ ಬೇಸಿಗೆಯಲ್ಲಿ ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರ ವಿಷಯದಲ್ಲಿ ಇದನ್ನು ನೆನಪಿಡಿ. ಬಿಪಿಗೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಲಿ, ಇನ್ಸುಲಿನ್ ಕಾರಿನಲ್ಲಿ ಬಿಡುವುದು ಬೇಡ. ವಾಕಿಂಗ್ ಸೂರ್ಯ ಹುಟ್ಟುವ ಮೊದಲೇ ಮುಗಿಯಲಿ. ಫೀನಿಕ್ಸ್‌ನಲ್ಲಿ ಬಿಸಿಲಿಗೆ ಡಾಂಬರು 70 ಡಿಗ್ರಿ ದಾಟುತ್ತದೆ, ಬಿದ್ದವರು ಏಳುವಷ್ಟರಲ್ಲಿ ಚರ್ಮ ಸುಟ್ಟಿರುತ್ತದೆ. ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಮಂದವಾದವರಿಗೆ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ತುಳಸಿಗೆ ನೀರು ಹಾಕಲು ಅಂಗಳಕ್ಕೆ ಹೋಗುವಾಗ ಬರಿಗಾಲಲ್ಲಿ ಹೋಗುವ ಅಭ್ಯಾಸ ಅವರಿಗಿರುತ್ತದೆ, ಬಾಗಿಲಲ್ಲೇ ಒಂದು ಜೊತೆ ಚಪ್ಪಲಿ ಇಡಿ. ಬಿಸಿಲಲ್ಲಿ ಬಿದ್ದಿದ್ದ ಪೈಪಿನಿಂದ ಮೊದಲು ಬರುವ ನೀರು ಕೈ ಸುಡುವಷ್ಟು ಕಾದಿರುತ್ತದೆ, ಅದನ್ನು ಸ್ವಲ್ಪ ಹೊತ್ತು ಮಣ್ಣಿಗೆ ಹರಿಯಲು ಬಿಟ್ಟು ಆಮೇಲೆ ಗಿಡಕ್ಕೆ ಹಿಡಿಯಲು ಹೇಳಿ.